ಹಾಲಮ್ಮ ಕರೆಯದ ಕರೆ

ಕಳೆದ ವಾರ ಹೊನ್ನಾಳಿಯಿಂದ ಹೊರಟ ಬಸ್ಸು ನ್ಯಾಮತಿ ಹತ್ತಿರ ಬಂದಾಗ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಡ್ರೈವರ್ ಬೈಯುತ್ತಲೇ ಬಸ್ಸನ್ನು ಒಂದು ಪಕ್ಕಕ್ಕೆ ತೆಗೆದ. ಬಿಸಿಲಿಗೆ ಕಾದ ಕಾಳಿನ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಧೂಳು, ಕಿಟಕಿಯಿಂದ ಒಳಗೆ ಬಂತು. ಎರಡು ಸೀನು ಸೀನಿದೆ. ಅದರ ಹಿಂದೆಯೇ ಹಾಲಮ್ಮನ ಮನೆಯ ಒಳಕೋಣೆ ನೆನಪಾಯಿತು. ಸೂರಿನವರೆಗೆ ಒಟ್ಟಿದ ಜೋಳದ ಚೀಲಗಳು, ಅವುಗಳ ನಡುವೆ ಮಣೆ ಹಾಕಿಕೊಂಡು ಕೂತು ನನ್ನ ಫೋನಿಗೆ ವಾಕ್ಯ ಓದುತ್ತಿದ್ದ ಹಾಲಮ್ಮ.

ನಾನು ನ್ಯಾಮತಿಯಲ್ಲಿ ಇದ್ದದ್ದು ಒಂದೇ ಸುಗ್ಗಿ. ದೀಪಾವಳಿ ಕಳೆದ ಮೇಲೆ ಬಂದೆ, ಯುಗಾದಿ ಆದ ಮೇಲೆ ಹೋದೆ. ಆ ದಿನಗಳ ಕತೆಯನ್ನು ಸ್ನೇಹಿತರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಅದರಲ್ಲಿ ನಾನು ಸ್ವಲ್ಪ ಹೆಚ್ಚು ಒಳ್ಳೆಯವಳಾಗುತ್ತ ಬಂದಿದ್ದೇನೆ. ಅದಕ್ಕೇ ಈಗ ಆ ವರ್ಷದ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕೆಲವು ಕಡೆ ಡೈರಿಗೂ ನನ್ನ ನೆನಪಿಗೂ ಹೊಂದುವುದಿಲ್ಲ. ಅಂಥಲ್ಲಿ ಡೈರಿಯನ್ನೇ ನಂಬಿದ್ದೇನೆ.

ನನ್ನೂರು ಚನ್ನಗಿರಿ. ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಬೆಂಗಳೂರಿನ ಒಂದು ಚಿಕ್ಕ ಕಂಪನಿಯವರು ಕರೆದರು. ಅವರು ಕನ್ನಡ ಕೇಳಿ ಕನ್ನಡದಲ್ಲೇ ಉತ್ತರ ಕೊಡುವ ಯಂತ್ರ ಮಾಡುತ್ತಿದ್ದರು. ಅದಕ್ಕೆ ಹಳ್ಳಿಯ ಜನರ ದನಿ ಬೇಕಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ಕಂಪನಿಯ ನಕ್ಷೆಯಲ್ಲಿ ನಾಲ್ಕಕ್ಕೂ ಒಂದೇ ಬಣ್ಣ ಬಳಿದಿದ್ದರು. ಜಗಳೂರಿನ ಮಾತು ಬೇರೆ, ಚನ್ನಗಿರಿಯದು ಬೇರೆ ಎಂದು ನಾನು ಹೇಳಿದಾಗ ಮಾಲೀಕ ಸುಹಾಸ್, "ಯಂತ್ರ ಅದನ್ನ ತಾನೇ ಕಲಿತುಕೊಳ್ಳುತ್ತೆ" ಎಂದಿದ್ದ. ಕಂಪನಿಗೆ ದುಡ್ಡು ಯಾವುದೋ ದೇಶದ ಯಾರದೋ ನಿಧಿಯಿಂದ ಬರುತ್ತಿತ್ತು. ಯಾರದು, ಯಾಕೆ ಕೊಡುತ್ತಾರೆ ಎಂದು ನಾನು ಕೇಳಲಿಲ್ಲ. ಮೊದಲ ಕೆಲಸ, ನನ್ನ ಭಾಷೆಯದೇ ಕೆಲಸ. ಅಷ್ಟು ಸಾಕಾಗಿತ್ತು.

ಓದಿಸಬೇಕಾದ ವಾಕ್ಯಗಳು ಬೆಂಗಳೂರಿನಿಂದ ಬರುತ್ತಿದ್ದವು. "ನನ್ನ ವಿಮಾನ ಎಷ್ಟು ಗಂಟೆಗೆ ಹೊರಡುತ್ತದೆ?" "ಹತ್ತಿರದ ಈಜುಕೊಳವನ್ನು ತೋರಿಸು." ಕೆರೆಬಿಳಚಿಯಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರು ಇದನ್ನು ಓದಿ ಓದಿ ನಕ್ಕರು. ಕತ್ತಿಯ ಕಟಕಟ ಸದ್ದು ರೆಕಾರ್ಡಿಂಗ್‌ನಲ್ಲಿ ಬಂದಿದೆ ಎಂದು ಕಂಪನಿ ಅಷ್ಟನ್ನೂ ತಿರಸ್ಕರಿಸಿತು. ಬಿಳಿಚೋಡಿನಲ್ಲಿ ಕುರಿಹಟ್ಟಿಯ ಪಕ್ಕ ಮಾಡಿದ್ದನ್ನು ಗಾಳಿಯ ಸದ್ದು ಎಂದು ವಾಪಸ್ ಕಳಿಸಿದರು. ಕೆಲಸ, ಗಾಳಿ, ದನ, ಮಕ್ಕಳು ಯಾವುದೂ ಇಲ್ಲದ ಕಡೆ ಕೂತು ಮಾತಾಡುವ ಜನ ಅವರಿಗೆ ಬೇಕಿತ್ತು. ಅಂಥವರು ನಮ್ಮ ಕಡೆ ಇರಲಿಲ್ಲ.

ಇದಕ್ಕೆ ದಾರಿ ತೋರಿಸಿದವರು ಹಾಲಮ್ಮ. ನ್ಯಾಮತಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಎದುರು ಮನೆಯವರು, ಐವತ್ತು ದಾಟಿದವರು. ಗಂಡ ಬಸವರಾಜಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು. ಮಗಳು ಕಾವ್ಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನನ್ನ ಪೇಚಾಟವನ್ನು ಎರಡು ದಿನ ನೋಡಿ ಹಾಲಮ್ಮ, "ಮೇಡಂ, ನಮ್ಮ ಒಳಕೋಣೆಗೆ ಬರ್ರಿ. ಸುತ್ತ ಚೀಲ ಐತೆ, ಸಿಡಿಲು ಹೊಡೆದ್ರೂ ಕೇಳಾಕಿಲ್ಲ" ಎಂದರು. ಹಾಗೇ ಆಯಿತು. ಜೋಳದ ಚೀಲಗಳು ಹೊರಗಿನ ಸದ್ದನ್ನೆಲ್ಲ ಕುಡಿದುಬಿಡುತ್ತಿದ್ದವು. ಅಲ್ಲಿಂದ ಕಳಿಸಿದ ಒಂದು ರೆಕಾರ್ಡಿಂಗ್ ಕೂಡ ತಿರಸ್ಕಾರವಾಗಲಿಲ್ಲ. ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬಂದು ಓದಿ, ಸೀನುತ್ತ ಹೊರಗೆ ಹೋಗುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಓದಿದವರು ಹಾಲಮ್ಮನೇ. "ನನ್ನ ಇಮಾನ ಎಷ್ಟೊತ್ತಿಗೆ ಹೊಂಡ್ತೈತೆ" ಎಂದು ತಮ್ಮದೇ ರೀತಿಯಲ್ಲಿ ಓದಿ, "ಹೊನ್ನಾಳಿ ಬಸ್ಸು ಯಾವಾಗ ಬರ್ತೈತೆ ಅಂತ್ಲೇ ನಮಗೆ ಗೊತ್ತಾಗಲ್ಲ, ಇಮಾನಂತೆ" ಎಂದು ಸೇರಿಸುತ್ತಿದ್ದರು. ಅದೂ ರೆಕಾರ್ಡ್ ಆಗುತ್ತಿತ್ತು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ವಿವರಿಸಿದೆ. ಈ ದನಿಯನ್ನು ಮುಂದೆ ಬೇರೆ ಉಪಯೋಗಕ್ಕೂ ಬಳಸಬಹುದು ಎಂಬ ಸಾಲು ಅದರಲ್ಲಿತ್ತು. ಅದನ್ನು ವಿವರಿಸಿದೆನೇ? ವಿವರಿಸಿದ್ದೆ ಎಂದೇ ಬಹಳ ದಿನ ನಂಬಿದ್ದೆ. ಡೈರಿಯಲ್ಲಿ ಹೀಗಿದೆ: ಇವತ್ತು ಹದಿನಾಲ್ಕು ಜನ, ಒಬ್ಬೊಬ್ಬರಿಗೆ ಎರಡು ನಿಮಿಷ. ಆ ಪತ್ರದಲ್ಲಿ ನಾಲ್ಕು ಪುಟಗಳಿದ್ದವು.

ಹಾಲಮ್ಮನಿಗೆ ಊರಲ್ಲಿ ಇನ್ನೊಂದು ಕೆಲಸವಿತ್ತು. ಮದುವೆ, ನಿಶ್ಚಿತಾರ್ಥ, ಸೀಮಂತ, ತೊಟ್ಟಿಲು, ಯಾರ ಮನೆಯಲ್ಲಿ ಏನೇ ಇರಲಿ, ಮನೆಮನೆಗೆ ಕುಂಕುಮ ಹಚ್ಚಿ ಹೆಂಗಸರನ್ನು ಕರೆಯಲು ಇವರನ್ನೇ ಕಳಿಸುತ್ತಿದ್ದರು. ಅಚ್ಚು ಹಾಕಿಸಿದ ಪತ್ರಿಕೆ ಗಂಡಸರಿಗೆ. ಅದು ಗೋಡೆಯ ಗೂಡಿನಲ್ಲಿ ಬಿದ್ದಿರುತ್ತದೆ. ಹಾಲಮ್ಮ ಹೊಸ್ತಿಲಲ್ಲಿ ನಿಂತು, "ನಾಳೆ ಇಂಥವರ ಮನೇಲಿ ಹಿಂಗೆ ಕಾರ್ಯ ಐತೆ, ಬರ್ರವ್ವ" ಎಂದರೆ ಆ ಮನೆಯಿಂದ ಒಬ್ಬರಾದರೂ ಹೋಗಲೇಬೇಕು. ಆಗದಿದ್ದರೆ ಯಾಕೆಂದು ಅವರಿಗೆ ಮೊದಲೇ ಹೇಳಬೇಕು. ಹಾಲಮ್ಮನೂ ತಮ್ಮ ಕಡೆಯಿಂದ ಒಂದು ಕ್ರಮ ಇಟ್ಟುಕೊಂಡಿದ್ದರು. ಯಾರ ಮನೆ, ಯಾವ ಕಾರ್ಯ, ಎಷ್ಟು ಹೊತ್ತಿಗೆ ಎಂದು ತಪ್ಪದೆ ಹೇಳುವುದು. ಮನೆಯ ಹೆಸರು ಹೇಳದೆ ಕರೆದರು ಎಂದರೆ ಅದು ಅವರದೇ ಮನೆಯ ಕಾರ್ಯ ಎಂದು ಎಲ್ಲರಿಗೂ ಗೊತ್ತು. ಅವರ ಹಿರಿಮಗನ ಮದುವೆಗೆ ಹಾಗೇ ಕರೆದಿದ್ದರಂತೆ.

ಆ ಚಳಿಗಾಲ ಅವರ ಮಂಡಿ ಬಾತುಕೊಂಡಿತ್ತು. ಓಣಿಯ ಕೊನೆಯವರೆಗೆ ಹೋಗುವುದೇ ಕಷ್ಟ. ಡಿಸೆಂಬರಿನಲ್ಲಿ ಸುಹಾಸ್ ಒಮ್ಮೆ ಬಾಡಿಗೆ ಕಾರಿನಲ್ಲಿ ಬಂದು, ನಮ್ಮ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಕಿವಿಯವರೆಗೆ ಕೆಂಪಾಗಿ ನೀರು ಕುಡಿದು, ಆಮೇಲೆ ಹಾಲಮ್ಮನನ್ನು ಬಹಳ ಗಂಭೀರವಾಗಿ ಕೇಳಿದ:

"ಅಮ್ಮ, ನಿಮ್ಮ ಬದುಕಿನಲ್ಲಿ ತಂತ್ರಜ್ಞಾನ ಪರಿಹರಿಸಬೇಕಾದ ದೊಡ್ಡ ಸಮಸ್ಯೆ ಯಾವುದು?"

ಹಾಲಮ್ಮ ಸ್ವಲ್ಪ ಯೋಚಿಸಿ, "ಮಂಡಿ" ಎಂದರು.

ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ. ಅವನು ಕೆಟ್ಟವನಲ್ಲ. ಕೇಳಿದ್ದಕ್ಕೆ ಉತ್ತರ ಬಂದರೆ ಬರೆದುಕೊಳ್ಳಬೇಕು ಎಂದು ಯಾರೋ ಕಲಿಸಿದ್ದರು, ಬರೆದುಕೊಂಡ.

ಮಂಡಿಗೆ ನಾನೊಂದು ಉಪಾಯ ಮಾಡಿದೆ. ದೂರದ ಮನೆಗಳಿಗೆ ನಡೆಯುವ ಬದಲು ವಾಟ್ಸಾಪಿನಲ್ಲಿ ದನಿ ಕಳಿಸುವುದನ್ನು ಹೇಳಿಕೊಟ್ಟೆ. ಮನೆಮನೆಯ ಹೆಂಗಸರ ನಂಬರುಗಳನ್ನು ಹಾಲಮ್ಮ ಹೇಳುತ್ತ ಹೋದರು, ನಾನು ಕಂಪನಿ ಕೊಟ್ಟ ಫೋನಿನಲ್ಲಿ ಕೂಡಿಸಿಟ್ಟೆ. ಮೊದಮೊದಲು ಜನ ಮುಖ ಸಿಂಡರಿಸಿದರು. ಪಕ್ಕದ ಓಣಿಯ ಶಾಂತಕ್ಕ, "ಕುಂಕುಮಾನೂ ಫೋನಿನಾಗೇ ಹಚ್ತೀಯೇನು ಹಾಲಕ್ಕ" ಎಂದು ಕಾಲೆಳೆದರು. ಆದರೆ ಹಾಲಮ್ಮನ ದನಿ ಅಲ್ಲವೇ, ಬಂದರು. ಸಂಕ್ರಾಂತಿ ಹೊತ್ತಿಗೆ ಫೋನಿನಲ್ಲಿ ಅವರ ದನಿ ಬಂದರೂ ಹೊಸ್ತಿಲಿಗೆ ಬಂದು ಕರೆದಷ್ಟೇ ಎಂದು ಊರು ಒಪ್ಪಿಕೊಂಡಿತ್ತು. ನನಗೆ ಇದರ ಬಗ್ಗೆ ತುಂಬ ಹೆಮ್ಮೆಯಿತ್ತು. ಡೈರಿಯಲ್ಲಿ ಎರಡು ಪುಟ ಬರೆದಿದ್ದೇನೆ.

ಜನವರಿಯ ಸಂಬಳ ಬರಲಿಲ್ಲ. ವಿದೇಶದ ನಿಧಿಯವರು ಕೈಬಿಟ್ಟಿದ್ದರು. ಫೆಬ್ರವರಿಯಲ್ಲಿ ಸುಹಾಸ್ ಉತ್ಸಾಹದಿಂದ ಫೋನ್ ಮಾಡಿದ. ಹೊಸ ಹೂಡಿಕೆದಾರರು ಸಿಕ್ಕಿದ್ದರು. "ನಿಮ್ಮ ಕಡೆಯವರೇ" ಎಂದ. ಕಾಲೇಜು, ಜಲ್ಲಿ ಕ್ರಷರ್ ಎರಡೂ ಇದ್ದ ಒಂದು ಕುಟುಂಬ. ಆ ಮನೆಯ ಹಿರಿಯರೊಬ್ಬರು ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದರು. ನಮ್ಮ ಯಂತ್ರ ಹಳ್ಳಿಯ ಜನರನ್ನು ಮುಟ್ಟುತ್ತದೆಯೋ ಇಲ್ಲವೋ ಎಂದು ಅವರು ಕಣ್ಣಾರೆ ನೋಡಬೇಕಂತೆ. ಒಂದು ಭಾನುವಾರ ನ್ಯಾಮತಿಯ ಕಲ್ಯಾಣ ಮಂಟಪ ತುಂಬಿಸಿ ತೋರಿಸಬೇಕಂತೆ. ತುಂಬಿದರೆ ದುಡ್ಡು.

ನನ್ನ ನೆನಪಿನ ಪ್ರಕಾರ ಮುಂದೆ ನಡೆದದ್ದಕ್ಕೆ ನಾನು ಹೊಣೆಯಲ್ಲ. ಸುಹಾಸ್ ಯಾವುದೋ ಕಡತದಿಂದ ಹಾಲಮ್ಮನ ದನಿಯನ್ನು ತಾನೇ ಆರಿಸಿಕೊಂಡ. ಹಾಗೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಈ ವಾರ ಡೈರಿ ತೆಗೆದಾಗ ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ಅಲ್ಲಿ ಜನ ಯಾರು ಕರೆದರೆ ಬರುತ್ತಾರೆ ಅಂತ ಸುಹಾಸ್ ಕೇಳಿದ. ಹಾಲಮ್ಮ ಅಂದೆ. ನಂಬರುಗಳೂ ಇವೆ ಅಂದೆ. ತುಂಬ ಖುಷಿಪಟ್ಟ.

ಪುಟವನ್ನು ಮತ್ತೆ ಮತ್ತೆ ಓದಿದೆ. ಯಂತ್ರದ ಬಾಯಲ್ಲಿ ಅವರ ದನಿಯನ್ನು ಆಡಿಸುತ್ತಾರೆ ಎಂದು ಆಗ ನನಗೆ ಹೊಳೆದಿತ್ತೇ? ಆ ಕೆಲಸ ಮಾಡುವ ಯಂತ್ರಕ್ಕೇ ನಾನು ದನಿ ಕೂಡಿಸುತ್ತಿದ್ದದ್ದು. ಹೊಳೆಯದಿರಲು ಕಾರಣವೇ ಇಲ್ಲ. ಅದರ ಬಗ್ಗೆ ಡೈರಿಯಲ್ಲಿ ಒಂದು ಸಾಲೂ ಇಲ್ಲ.

ಶುಕ್ರವಾರ ಊರಿನ ಹೆಂಗಸರ ಫೋನುಗಳು ಒಂದಾದ ಮೇಲೊಂದು ಬಡಿದುಕೊಂಡವು. "ನಾನು ಹಾಲಮ್ಮ ಮಾತಾಡಾದು. ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಲ್ಯಾಣ ಮಂಟಪದಾಗೆ ಕಾರ್ಯ ಐತೆ. ಮನೆಮಂದಿ ಎಲ್ಲಾ ಬರ್ರವ್ವ." ದನಿ ಅವರದೇ. ಆ ರಾಗ, ಕೊನೆಯಲ್ಲಿ 'ಬರ್ರವ್ವ' ಎಂದು ಎಳೆಯುವುದೂ ಅವರದೇ. ನಾನು ಕೂಡಿಸಿಟ್ಟ ನಂಬರುಗಳಲ್ಲಿ ಹಾಲಮ್ಮನದು ಇರಲಿಲ್ಲ, ಅವರಿಗೆ ಮಾತ್ರ ಆ ಕರೆ ಹೋಗಲಿಲ್ಲ. ಯಾರ ಮನೆಯ ಕಾರ್ಯ ಎಂದು ಅದರಲ್ಲಿ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಕೂತು ಆ ಮಾತು ಬರೆದವರಿಗೆ ಅದು ಮುಖ್ಯ ಅನ್ನುವುದೇ ಗೊತ್ತಿರಲಿಲ್ಲ. ಊರಿಗೆ ಗೊತ್ತಿತ್ತು. ಮನೆಯ ಹೆಸರಿಲ್ಲ ಎಂದರೆ ಹಾಲಮ್ಮನ ಮನೆಯದೇ. ಕಾವ್ಯಳಿಗೆ ಹೊನ್ನಾಳಿಯ ಒಬ್ಬ ಲೈನ್‌ಮನ್ ಹುಡುಗನ ಕಡೆಯಿಂದ ಮಾತುಕತೆ ನಡೆದದ್ದು ಎಲ್ಲರಿಗೂ ತಿಳಿದಿತ್ತು. ಸದ್ದಿಲ್ಲದೆ ಗಟ್ಟಿ ಮಾಡಿಬಿಟ್ಟಿದ್ದಾರೆ, ಮಂಟಪದಲ್ಲೇ ನಿಶ್ಚಿತಾರ್ಥ ಎಂದುಕೊಂಡರು. ಮನೆಯವರನ್ನು ಕೇಳಿ ಖಚಿತ ಮಾಡಿಕೊಳ್ಳುವುದು ಅವರ ಪ್ರಕಾರ ಕರೆದವರಿಗೆ ಮಾಡುವ ಅವಮಾನ. ಯಾರೂ ಕೇಳಲಿಲ್ಲ.

ಭಾನುವಾರ ಮಂಟಪದ ವೇದಿಕೆಯ ಮೇಲೆ ದೊಡ್ಡ ಪರದೆ, ಪಕ್ಕದಲ್ಲಿ ಆ ಹಿರಿಯರ ಆಳೆತ್ತರದ ಚಿತ್ರ. ನಾನು ಬಾಗಿಲ ಬಳಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಒಂಬತ್ತೂವರೆಗೇ ಹೆಂಗಸರು ಬರತೊಡಗಿದರು. ರೇಷ್ಮೆ ಸೀರೆ, ತಲೆ ತುಂಬ ಹೂವು. ಕೈಯಲ್ಲಿ ಉಡಿ ತುಂಬುವ ತಟ್ಟೆ: ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ. ಶಾಂತಕ್ಕ ಒಂದು ಸ್ಟೀಲ್ ಕೊಡವನ್ನೇ ತಂದಿದ್ದರು. ಬೆಂಗಳೂರಿನಿಂದ ಬಂದಿದ್ದವರು ಇದನ್ನೆಲ್ಲ ಬೆರಗಾಗಿ ಚಿತ್ರೀಕರಿಸಿಕೊಂಡರು. ಹಳ್ಳಿಯ ಹೆಂಗಸರು ತಂತ್ರಜ್ಞಾನವನ್ನು ಹಬ್ಬದಂತೆ ಬರಮಾಡಿಕೊಳ್ಳುತ್ತಿದ್ದಾರೆ ಎಂದು ಅವರಲ್ಲೊಬ್ಬರು ಕ್ಯಾಮೆರಾದ ಮುಂದೆ ನಿಂತು ಹೇಳಿದ್ದು ನನಗೆ ಕೇಳಿಸಿತು.

ಅಕ್ಷತೆಯನ್ನೂ ಹಂಚಿಕೊಂಡಿದ್ದರು. ವಾಡಿಕೆಯಂತೆ ಯಾರೋ ಮನೆಯಿಂದಲೇ ಕಲಸಿ ತಂದಿದ್ದರು. ಹಿರಿಯರು ಬಾಗಿಲಲ್ಲಿ ಕಾಣಿಸಿದ ಕೂಡಲೇ ಕಳೆ ಬರಲಿ ಎಂದು ಧ್ವನಿವರ್ಧಕದವನು ಗಟ್ಟಿಮೇಳ ಹಾಕಿದ. ಆ ಸದ್ದು ಕೇಳಿದರೆ ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಹಿಂದೆ ಕೂತವರಿಗೆ ವೇದಿಕೆ ಕಾಣುತ್ತಿರಲಿಲ್ಲ. ಮಂಟಪದ ತುಂಬ ಅಕ್ಷತೆ ಹಾರಿತು. ಹಿರಿಯರ ಬೋಳುತಲೆ, ಕನ್ನಡಕ, ಬಿಳಿ ಶಾಲಿನ ಮೇಲೆಲ್ಲ ಅರಿಶಿನದ ಅಕ್ಕಿ. ಅವರು ಕೈಮುಗಿದು ನಿಂತರು. ಕಣ್ಣಲ್ಲಿ ನೀರು ಬಂದಿತ್ತು. ಅಕ್ಕಿಕಾಳು ಬಿದ್ದು ಬಂದ ನೀರೋ ಏನೋ ತಿಳಿಯದು. ಆ ವಿಡಿಯೊ ಆಮೇಲೆ ಎಷ್ಟೋ ದಿನ ಎಲ್ಲರ ಫೋನುಗಳಲ್ಲಿ ಓಡಾಡಿತು.

ಆಗ ನಾನು ನಕ್ಕೆ. ಇದು ನೆನಪಿನಲ್ಲೂ ಇದೆ, ಡೈರಿಯಲ್ಲೂ ಇದೆ. ಶಾಂತಕ್ಕ ಎದ್ದು ನಿಂತು ಸುತ್ತ ನೋಡಿ, ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹೊರಗೆ ನಡೆದಾಗ ನಗು ನಿಂತಿತು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಹಾಲಮ್ಮ ಅಂದು ಮನೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರಂತೆ. ಶಾಂತಕ್ಕ ಹೊಸ್ತಿಲಲ್ಲಿ ನಿಂತು, "ಏನ್ ಹಾಲಕ್ಕ, ಮಗಳ ನಿಶ್ಚಿತಾರ್ಥಕ್ಕೆ ಊರನ್ನೆಲ್ಲಾ ಕರೆದು ನೀನೇ ಬರಲಿಲ್ಲ. ಒಳ್ಳೆ ಬೀಗರನ್ನ ಹುಡುಕೀಯ ಬಿಡು" ಎಂದರಂತೆ. ಮಧ್ಯಾಹ್ನದ ಹೊತ್ತಿಗೆ ಹೊನ್ನಾಳಿಯಿಂದಲೂ ಫೋನ್ ಬಂತು. ಬೇರೆ ಕಡೆ ನಿಶ್ಚಯ ಮಾಡಿಕೊಂಡಿರಂತೆ, ನಮಗೆ ಒಂದು ಮಾತು ಹೇಳಬಹುದಿತ್ತು ಎಂದು ಹುಡುಗನ ತಂದೆ ಕೇಳಿದರಂತೆ.

ಸಂಜೆ ಹಾಲಮ್ಮ ಕುಂಟುತ್ತ ನನ್ನ ಕೋಣೆಗೆ ಬಂದರು. ಅದುವರೆಗೆ ನನ್ನನ್ನು ಮೇಡಂ, ನೀವು ಎನ್ನುತ್ತಿದ್ದರು.

"ವೀಣಾ, ನಾನು ಆಡದ ಮಾತು ನನ್ನ ದನ್ಯಾಗೆ ಹೆಂಗೆ ಬಂತು?"

ಯಂತ್ರ ದನಿಯನ್ನು ಕಲಿಯುತ್ತದೆ, ಆಮೇಲೆ ಏನು ಬರೆದುಕೊಟ್ಟರೂ ಅದೇ ದನಿಯಲ್ಲಿ ಹೇಳುತ್ತದೆ ಎಂದೆ.

"ಅದಕ್ಕೆ ಕಲಿಸಿದ್ದು ಯಾರು?"

"ನೀವು ಓದಿದ ವಾಕ್ಯಗಳಿಂದ..."

"ಓದಿಸಿದ್ದು ಯಾರು?"

ನಾನು ಕುರ್ಚಿ ಮುಂದೆ ಸರಿಸಿದೆ. ಅವರು ಕೂತು ಮಂಡಿ ನೀವಿಕೊಂಡರು. "ಹೊನ್ನಾಳಿಯೋರಿಗೆ ನಮ್ಮೋರು ಹೋಗಿ ತಿಳಿಸಿ ಹೇಳ್ತಾರೆ. ಅವರು ನಂಬ್ಲಿ ಬಿಡ್ಲಿ. ನನಗೆ ಅದಲ್ಲ ಚಿಂತೆ. ನಾಳೆ ನಾನು ನಿಜವಾಗ್ಲೂ ಕರೆಯಾಕೆ ಹೋದ್ರೆ ಯಾರು ಬರ್ತಾರೆ?"

ಸುಹಾಸನಿಗೆ ಫೋನ್ ಮಾಡಿದೆ. ಅವನು ನಿಜವಾಗಿಯೂ ನೊಂದುಕೊಂಡ. ಒಪ್ಪಿಗೆ ಪತ್ರದಲ್ಲಿ ಇದಕ್ಕೆಲ್ಲ ಅವಕಾಶವಿದೆ ಎಂದ, ಆದರೂ ಹೀಗಾಗಬಾರದಿತ್ತು ಎಂದ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. "ಇವತ್ತೇ ಎಲ್ಲರಿಗೂ ಇನ್ನೊಂದು ಕರೆ ಕಳಿಸೋಣ. ತಪ್ಪು ತಿಳಿವಳಿಕೆ ಆಯ್ತು, ಕ್ಷಮಿಸಿ ಅಂತ. ಅವರ ದನಿಯಲ್ಲೇ ಕಳಿಸಿದರೆ ಜನ ನಂಬ್ತಾರೆ."

ಅದನ್ನು ಹಾಲಮ್ಮನಿಗೆ ಹೇಳಿದಾಗ ಅವರು ನಕ್ಕೇಬಿಟ್ಟರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. "ಕದ್ದ ಸೀರೆ ಉಟ್ಕೊಂಡು ಬಂದು ತಪ್ಪಾತು ಅಂತಾನಂತಾ? ಬ್ಯಾಡ ಅನ್ನು. ನಾಳೆ ಬೆಳಿಗ್ಗೆ ರೆಡಿಯಾಗು. ಮನೆಮನೆಗೆ ಹೋಗಾನ. ನಾನು ಕರೆದಿಲ್ಲ ಅಂತ ನಾನು ಹೇಳ್ತೀನಿ. ಮತ್ಯಾರು ಕರೆದರು ಅಂತ ನೀನು ಹೇಳು."

"ನಿಮ್ಮ ಮಂಡಿ?"

"ನಂದು ನಾನು ನೋಡ್ಕಂತೀನಿ."

ಒಂಬತ್ತು ದಿನ ನಡೆದೆವು. ಬೇಸಿಗೆ ಆಗಲೇ ಕಾಲಿಟ್ಟಿತ್ತು. ಬೆಳಿಗ್ಗೆ ಹತ್ತರವರೆಗೆ, ಮತ್ತೆ ಬಿಸಿಲು ಇಳಿದ ಮೇಲೆ. ಹಾಲಮ್ಮನ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಭುಜದ ಮೇಲೆ. ಕುಂಕುಮದ ಬಟ್ಟಲು ತರಲಿಲ್ಲ. ಕರೆಯಲು ಬಂದದ್ದಲ್ಲ ಎಂದು ದೂರದಿಂದಲೇ ತಿಳಿಯಲಿ ಎಂದು.

ಮೊದಲ ಮನೆಯಲ್ಲಿ ನಾನು, "ಒಂದು ತಾಂತ್ರಿಕ ತೊಂದರೆಯಿಂದ..." ಎಂದು ಶುರು ಮಾಡಿದೆ. ಹಾಲಮ್ಮ ಭುಜದ ಮೇಲಿದ್ದ ಕೈಯಿಂದಲೇ ಚಿವುಟಿದರು. ಎರಡನೆಯ ಮನೆಯಲ್ಲಿ, ಕಂಪನಿಯವರು ಹೇಳದೆ ಕೇಳದೆ ಇವರ ದನಿ ಬಳಸಿಕೊಂಡರು ಎಂದೆ. ಅಲ್ಲಿ ಕೂತಿದ್ದ ಮುದುಕಿ, "ಆ ಕಂಪನಿಯೋರು ಯಾರವ್ವ?" ಎಂದು ಕೇಳಿದರು. "ನಾನು ಕೆಲಸ ಮಾಡೋ ಕಂಪನಿ." "ಹಂಗಾದ್ರೆ ನೀನೇ ಅನ್ನು" ಎಂದರು. ಬೈಗುಳವಾಗಿ ಅಲ್ಲ, ಲೆಕ್ಕ ತಪ್ಪಿದ ಮಗುವಿಗೆ ಹೇಳಿಕೊಡುವ ಹಾಗೆ. ಆಮೇಲೆ ಒಳಗಿನಿಂದ ಇಬ್ಬರಿಗೂ ಮಜ್ಜಿಗೆ ತರಿಸಿದರು.

ಮನೆಯಿಂದ ಮನೆಗೆ ನನ್ನ ಮಾತು ಚಿಕ್ಕದಾಗುತ್ತ ಹೋಯಿತು. ವಿಶ್ವವಿದ್ಯಾಲಯದಲ್ಲಿ ಕಲಿತ ಪದಗಳೆಲ್ಲ ಒಂದೊಂದು ಹೊಸ್ತಿಲಲ್ಲಿ ಒಂದೊಂದು ಉದುರಿದವು. ಯಾರು ಕರೆದರೆ ಜನ ಬರುತ್ತಾರೆ ಎಂದು ಕಂಪನಿಗೆ ಹೇಳಿದವಳು ನಾನೇ ಎನ್ನುವುದನ್ನು ಐದನೆಯ ದಿನ, ಶಾಂತಕ್ಕನ ಮನೆಯಲ್ಲಿ ಹೇಳಿದೆ. ಡೈರಿಯಲ್ಲಿ ಹಾಗಿದೆ. ನನ್ನ ನೆನಪಿನಲ್ಲಿ ಆ ಮಾತೇ ಇಲ್ಲ, ಹೇಳಬೇಕಾದ್ದನ್ನೆಲ್ಲ ಮೊದಲ ದಿನವೇ ಹೇಳಿ ಮುಗಿಸಿದ್ದೆ ಎಂದಷ್ಟೇ ಇದೆ. ಇನ್ನೂ ಒಂದು ವಿಚಿತ್ರವೆಂದರೆ, ಐದನೆಯ ದಿನ ಅದನ್ನು ಬಾಯಿಬಿಟ್ಟು ಹೇಳಿದವಳೇ ಆಮೇಲೆ ವರ್ಷಗಟ್ಟಲೆ ಸ್ನೇಹಿತರ ಮುಂದೆ ಅದನ್ನು ಬಿಟ್ಟು ಕತೆ ಹೇಳಿದೆ. ಒಪ್ಪಿಕೊಂಡದ್ದನ್ನೂ ಹೀಗೆ ಮರೆಯಬಹುದೆಂದು ನನಗೆ ಗೊತ್ತಿರಲಿಲ್ಲ.

ಆ ಮಾತು ಕೇಳಿದಾಗ ಹಾಲಮ್ಮನ ಕೈ ನನ್ನ ಭುಜದಿಂದ ಇಳಿಯಿತು. ಅವರಿಗೂ ಅದು ಹೊಸದು. ಶಾಂತಕ್ಕ ನಮ್ಮಿಬ್ಬರನ್ನೂ ನೋಡಿ, "ಅಂತೂ ಗುಟ್ಟು ಹೊರಗೆ ಬಂತು. ಹಾಲಕ್ಕ, ಇವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗಿದ್ಯಲ್ಲ" ಎಂದರು.

ಹಾಲಮ್ಮ ಕೋಲೂರಿ ಎದ್ದರು. "ಹೆಗಲು ಅವಳದು ಶಾಂತಿ, ಕೈ ನಂದು" ಎಂದರು. ಬೀದಿಗೆ ಬಂದ ಮೇಲೆ ಹತ್ತು ಹೆಜ್ಜೆ ಒಬ್ಬರೇ ನಡೆದರು. ನಾನು ಹಿಂದೆ ಹಿಂದೆ ಹೋದೆ. ಕಿರಾಣಿ ಅಂಗಡಿಯ ಮುಂದೆ ನಿಂತು, ತಿರುಗಿ ನೋಡದೆ, "ಬಾ, ಇವತ್ತು ಇನ್ನೂ ಎಂಟು ಮನೆ ಐತೆ" ಎಂದು ಕೈಚಾಚಿದರು.

ಈ ಬರಹವನ್ನು ಬರೆಯುತ್ತಿರುವುದು ಆ ಚಾಚಿದ ಕೈಗಾಗಿ. ನನ್ನ ಓದು, ಆಮೇಲೆ ಸಿಕ್ಕ ಕೆಲಸಗಳು ಕೊಡದ ಒಂದನ್ನು ಆ ಒಂಬತ್ತು ದಿನ ಕೊಟ್ಟವು. ದನಿ ಕೂಡಿಸಲು ನಾಲ್ಕು ತಾಲ್ಲೂಕು ಸುತ್ತಿದಾಗ ನಾನು ಒಂದು ಮನೆಯನ್ನೂ ಸರಿಯಾಗಿ ನೋಡಿರಲಿಲ್ಲ. ತಪ್ಪು ಹೇಳಿಕೊಳ್ಳಲು ಹೋದಾಗ ಪ್ರತಿ ಮನೆಯವರೂ ಮೊದಲು ಕೂರಿಸಿದರು, ನೀರು ಕೊಟ್ಟರು, ಆಮೇಲೆ ಬೈದರು.

ಹಾಲಮ್ಮನ ದನಿಯನ್ನು ಅಳಿಸಿಹಾಕಿ ಎಂದು ಕಂಪನಿಗೆ ಕಾಗದ ಬರೆದೆ. ಅದಕ್ಕೆ ಹಾಲಮ್ಮ ಸಹಿ ಹಾಕಿದರು. ಅದರ ಜೊತೆಗೇ ನನ್ನ ರಾಜೀನಾಮೆಯನ್ನೂ ಕಳಿಸಿದೆ. ಅಳಿಸಿದ್ದೇವೆ ಎಂದು ಸುಹಾಸ್ ಒಂದು ಸಾಲಿನ ಉತ್ತರ ಬರೆದ. ನಿಜವೋ ಸುಳ್ಳೋ ಇಂದಿಗೂ ಗೊತ್ತಿಲ್ಲ. ಆ ಹೂಡಿಕೆ ಬಂತಂತೆ. ಕಂಪನಿಯ ಹೆಸರು ಬದಲಾಯಿತು, ಅದು ಈಗ ಬೇರೇನೋ ಮಾರುತ್ತದೆ.

ಹೊನ್ನಾಳಿಯವರು ಬಸವರಾಜಪ್ಪನ ಮಾತನ್ನು ಅರ್ಧ ನಂಬಿದರು. ಹುಡುಗನ ತಂದೆ ಕಡ್ಡಿ ಮುರಿದಂತೆ ಹೇಳಿದ್ದರು: "ನೋಡ್ರಿ, ಯಂತ್ರದ ಕತೆ ನಮಗೆ ತಿಳಿಯಲ್ಲ. ನಿಶ್ಚಿತಾರ್ಥದ ದಿನ ನಿಮ್ಮ ಓಣಿಯೋರು ಬಂದು ಕೂತ್ರೆ ನಮಗೆ ಅಷ್ಟು ಸಾಕು. ಊರು ನಂಬಿದ ಮನೇನ ನಾವೂ ನಂಬ್ತೀವಿ."

ಯುಗಾದಿ ಕಳೆದ ಎರಡನೆಯ ಗುರುವಾರ ಎಂದು ಗೊತ್ತಾಯಿತು. ಹಾಲಮ್ಮ ಈ ಸಲ ಕುಂಕುಮದ ಬಟ್ಟಲು ಹಿಡಿದು ಮತ್ತೆ ಅಷ್ಟೂ ಮನೆ ನಡೆದರು. ನಾನು ಜೊತೆಗೆ ಹೋಗುತ್ತೇನೆಂದರೆ ಬೇಡವೆಂದರು. ನಾಲ್ಕು ದಿನ ಹಿಡಿಯಿತು. ಬರುತ್ತೇವೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಬರುವುದಿಲ್ಲ ಎಂದೂ ಹೇಳಲಿಲ್ಲವಂತೆ. ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ತಲೆಯಾಡಿಸಿದರಂತೆ.

ಆ ಗುರುವಾರ ಬೆಳಿಗ್ಗೆ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಹೊನ್ನಾಳಿಯವರು ಒಂದು ಟೆಂಪೊದಲ್ಲಿ ಬಂದು ಒಂದು ಕಡೆ ಕೂತರು. ಇನ್ನೊಂದು ಕಡೆಯ ಜಮಖಾನೆ ಖಾಲಿ. ಹೇಳಿದ ಹೊತ್ತು ಆಯಿತು, ಅರ್ಧ ಗಂಟೆ ಮೀರಿತು. ಹುಡುಗನ ತಂದೆ ಗಡಿಯಾರ ನೋಡಲಿಲ್ಲ, ಆದರೆ ಖಾಲಿ ಜಮಖಾನೆಯನ್ನು ನೋಡಿದರು. ಬಸವರಾಜಪ್ಪ ಸುಮ್ಮನೆ ಅದೇ ಕುರ್ಚಿಗಳನ್ನು ಸರಿಸಿ ಸರಿಸಿ ಇಡುತ್ತಿದ್ದರು. ಹಾಲಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೂರಿ ಎಂದರೆ ಕೂರಲಿಲ್ಲ.

ಆಗ ಓಣಿಯ ತಿರುವಿನಲ್ಲಿ ಶಾಂತಕ್ಕ ಕಾಣಿಸಿದರು. ಒಬ್ಬರೇ. ಕೈಯಲ್ಲಿ ತಟ್ಟೆಯಿಲ್ಲ, ಏನೂ ಇಲ್ಲ. ಬೀಗರ ಕಡೆಗೆ ನೋಡದೆ ನೇರ ಬಾಗಿಲಿಗೆ ಬಂದರು.

"ಹುಡುಗಿ ಎಲ್ಲಿ? ಮೊದ್ಲು ಹುಡುಗೀನ ತೋರ್ಸು."

ಹಾಲಮ್ಮ ದಾರಿ ಬಿಟ್ಟರು. ಒಳಗೆ ಹಸಿರು ಸೀರೆಯುಟ್ಟು ಕೂತಿದ್ದ ಕಾವ್ಯಳನ್ನು ಶಾಂತಕ್ಕ ಬಗ್ಗಿ ನೋಡಿದರು. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. "ನಮಸ್ಕಾರ ಶಾಂತತ್ತೆ" ಎಂದಳು ಕಾವ್ಯ. "ಹುಡುಗ?" ಎಂದು ಕೇಳಿದರು ಶಾಂತಕ್ಕ. ಶಾಮಿಯಾನದಲ್ಲಿ ಕೂತಿದ್ದ ಲೈನ್‌ಮನ್ ಹುಡುಗ ಯಾರೂ ಹೇಳದೆಯೇ ಎದ್ದು ನಿಂತ. ಅವನನ್ನೂ ಮೇಲಿಂದ ಕೆಳಗೆ ನೋಡಿದರು.

ಆಮೇಲೆ ಬೀದಿಗೆ ಇಳಿದು, ಸೊಂಟದ ಮೇಲೆ ಕೈಯಿಟ್ಟು, ಎರಡೂ ಓಣಿಗೆ ಕೇಳುವಂತೆ ಕೂಗಿದರು. "ಐತ್ರೇ, ದಿಟವಾಗ್ಲೂ ಐತೆ. ಹುಡುಗಿ ಅದಾಳೆ, ಹುಡುಗಾನೂ ಅದಾನೆ. ಬರ್ರೀ."

ಬಾಗಿಲುಗಳು ತೆರೆದವು. ಎಲ್ಲರೂ ಬೆಳಿಗ್ಗೆಯಿಂದಲೇ ಸೀರೆ ಉಟ್ಟು, ಹೂ ಮುಡಿದು, ತಟ್ಟೆ ಕಟ್ಟಿಕೊಂಡು ಒಳಗೆ ಕಾಯುತ್ತ ಕೂತಿದ್ದರು. ಮಜ್ಜಿಗೆ ಕೊಟ್ಟ ಮುದುಕಿಯೂ ಮೊಮ್ಮಗಳ ಕೈಹಿಡಿದು ಬಂದರು. ಜಮಖಾನೆ ತುಂಬಿತು, ಜಗಲಿ ತುಂಬಿತು. ಹೊನ್ನಾಳಿಯವರು ಸರಿದು ಸರಿದು ಜಾಗ ಕೊಟ್ಟರು. ಹಾಲಮ್ಮ ಚೌಕಟ್ಟು ಬಿಟ್ಟು ನಿಧಾನಕ್ಕೆ ಕೆಳಗೆ ಕೂತರು, ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ನಾನು ಗೋಡೆಗೆ ಒರಗಿ ನಿಂತಿದ್ದೆ. ಶಾಂತಕ್ಕ ಹಾದುಹೋಗುವಾಗ, "ನೀನೇನು ನೆಂಟರಂಗೆ ನಿಂತೀಯ? ಊಟಕ್ಕೆ ಎಲೆ ಹಾಕು ನಡಿ" ಎಂದು ಗದರಿದರು. ಹಿತ್ತಲಿಗೆ ಹೋಗಿ ಬಾಳೆಎಲೆಯ ಕಟ್ಟು ಬಿಚ್ಚಿ ತೊಳೆದು ತಂದೆ. ಅಂಗಳದ ಈ ತುದಿಯಿಂದ ಹಾಕುತ್ತ ಹೋದೆ. ಜನ ಕೂರುತ್ತ ಬಂದರು. ಮೊದಲ ಪಂಕ್ತಿಗೇ ಎಲೆ ಸಾಲದೆ ಹೋಯಿತು.